ಬೀರುವಿನ ಬೀಗ ತೆಗೆಯಿರಿ, ಕಳೆದ ಪುಸ್ತಕದ ಲೆಕ್ಕ ನಾನು ಹೇಳುತ್ತೇನೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ‘ಈಗಿನ ಮಕ್ಕಳು ಪುಸ್ತಕ ಮುಟ್ಟುವುದೇ ಇಲ್ಲ’ ಎಂದು ಬರೆದಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ಮುಟ್ಟುತ್ತಿಲ್ಲವೋ, ನಾವು ಮುಟ್ಟಲು ಬಿಡುತ್ತಿಲ್ಲವೋ? ನಾನು 36 ವರ್ಷ ಸರ್ಕಾರದ ಲೆಕ್ಕ ತಪಾಸಣೆಯ ಕೆಲಸ ಮಾಡಿದವಳು. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಎಷ್ಟೋ ಶಾಲೆಗಳ ಬೀರು ತೆಗೆಸಿ ಪುಸ್ತಕ ಎಣಿಸಿದ್ದೇನೆ. ಜೊತೆಗೆ ಏಳೆಂಟನೇ ವಯಸ್ಸಿನಿಂದ ಈ 64ರ ತನಕ ಓದುತ್ತಲೇ ಬಂದವಳು. ಬಹಳ ವರ್ಷದಿಂದ ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ಹುಟ್ಟಿದ್ದು 1961ರಲ್ಲಿ, ಹಳೇ ದಾವಣಗೆರೆಯ ಒಂದು ಅಂಕಣದ ಮನೆಯಲ್ಲಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಗ ನಮ್ಮ ಓಣಿಗೆಲ್ಲ ಮಿಲ್ಲಿನ ಕೂಗೇ ಗಡಿಯಾರ. ಅಪ್ಪನಿಗೆ ರಾತ್ರಿ ಪಾಳಿ ಬಂದ ವಾರ ಹಗಲು ಹೊತ್ತು ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ. ತಲೆಗೂದಲಿಗೆ ಅಂಟಿದ ಅರಳೆಯ ಜೊತೆಗೇ ಬಂದು ಮಲಗಿಬಿಡುತ್ತಿದ್ದರು. ಅವ್ವ ನಮ್ಮನ್ನು ಹೊರಗೆ ಕಳಿಸುತ್ತಿದ್ದಳು. ತಮ್ಮ ಗೋಲಿ ಆಡಲು ಹೋಗುತ್ತಿದ್ದ, ತಂಗಿ ಪಕ್ಕದ ಮನೆಗೆ. ನಾನು ಓಣಿಯ ತುದಿಯ ಮಂಡಕ್ಕಿ ಅಂಗಡಿಗೆ.

ಮಂಡಕ್ಕಿ ಕಟ್ಟಿಕೊಡಲು ಆ ಅಂಗಡಿಯ ತಾತ ಹಳೆ ಪತ್ರಿಕೆಗಳನ್ನು ತೂಕಕ್ಕೆ ಕೊಳ್ಳುತ್ತಿದ್ದರು. ಸುಧಾ, ಪ್ರಜಾಮತ, ಮಯೂರ, ಎಲ್ಲ ಕಲಸಿ ಒಂದೇ ಕಟ್ಟು. ವಾರಪತ್ರಿಕೆಗಳ ನಡುವೆ ಪಿನ್ನು ಇರುತ್ತದಲ್ಲ, ಅದನ್ನು ಕಿತ್ತು ಹಾಳೆ ಬಿಡಿಸಿ ಕೊಡುವುದು ನನ್ನ ಕೆಲಸ. ಪಿನ್ನು ಮಂಡಕ್ಕಿಯೊಳಗೆ ಸೇರಿ ಯಾರದಾದರೂ ಗಂಟಲಿಗೆ ಹೋದೀತು ಅನ್ನುವ ಭಯ ತಾತನಿಗೆ. ‘ಓದೋದಿದ್ರೆ ಪಿನ್ನು ಕೀಳೋಕೆ ಮೊದ್ಲೇ ಓದ್ಕೊಳವ್ವ, ಆಮೇಲೆ ಹಾಳೆ ಹಿಂದುಮುಂದಾಗ್ತಾವೆ’ ಎಂದು ಅವರೇ ಹೇಳಿಕೊಟ್ಟರು. ನಾನು ಗೋಣಿಚೀಲದ ಮೇಲೆ ಕೂತು ಮೊದಲು ಓದುತ್ತಿದ್ದೆ, ಆಮೇಲೆ ಕೀಳುತ್ತಿದ್ದೆ. ಕೂಲಿ ಒಂದು ಹಿಡಿ ಮಂಡಕ್ಕಿ. ಹೀಗೆ ಸಿಕ್ಕಿದ ಧಾರಾವಾಹಿಗಳಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ನಾಲ್ಕನೇ ಕಂತು ಸಿಕ್ಕರೆ ಮುಂದಿನದು ಒಂಬತ್ತನೆಯದು. ನಾಲ್ಕರಲ್ಲಿ ಮನೆ ಬಿಟ್ಟು ಹೋದ ಹುಡುಗಿ ಒಂಬತ್ತರಲ್ಲಿ ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಡುವೆ ಏನಾಯಿತು ಎಂದು ರಾತ್ರಿ ಮಲಗಿ ಯೋಚಿಸುತ್ತಿದ್ದೆ. ಒಂದು ಧಾರಾವಾಹಿಯ ಕೊನೆ ಕಂತು ಸಿಗಲೇ ಇಲ್ಲ. ಆ ಹುಡುಗಿಗೆ ನಾನೇ ಒಂದು ಹೊಲಿಗೆ ಮಷೀನು ಕೊಡಿಸಿ, ಚೌಕಿಪೇಟೆಯಲ್ಲಿ ಅಂಗಡಿ ಹಾಕಿಸಿ ಕತೆ ಮುಗಿಸಿಕೊಂಡೆ.

ಚಂದಮಾಮದ ಹಾಳೆ ಮಂಡಕ್ಕಿಗೆ ಚಿಕ್ಕದು. ಅದನ್ನು ಹುರಿಗಡಲೆ ಪೊಟ್ಟಣಕ್ಕೆಂದು ತಾತ ಬೇರೆ ಇಡುತ್ತಿದ್ದರು. ಹಾಗಾಗಿ ಅದು ಎಷ್ಟೋ ದಿನ ಹರಿಯದೆ ಉಳಿಯುತ್ತಿತ್ತು, ಮನೆಗೆ ಒಯ್ದು ಮರುದಿನ ತಂದುಕೊಟ್ಟರೂ ನಡೆಯುತ್ತಿತ್ತು. ನನ್ನ ಬದುಕಿನಲ್ಲಿ ಎರವಲು ತಂದ ಮೊದಲ ಪುಸ್ತಕ ಅದೇ. ಯಾರೂ ಬರೆದಿಟ್ಟುಕೊಳ್ಳಲಿಲ್ಲ, ನಾನು ಒಂದನ್ನೂ ಕಳೆಯಲಿಲ್ಲ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತಾ ‘ಇವತ್ತೇನು ತಂದೀ, ಓದವ್ವ’ ಅನ್ನುತ್ತಿದ್ದಳು. ಅವಳಿಗೆ ಬೇತಾಳನ ಕತೆಯೇ ಆಗಬೇಕು. ಶಂಕರ್ ಬರೆಯುತ್ತಿದ್ದ ಆ ಚಿತ್ರವನ್ನು ಮೊದಲು ತೋರಿಸಬೇಕು. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ರಾಜ. ಆಮೇಲೆ ಓದು ಶುರು. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ನಾನು ನಿಲ್ಲಿಸಬೇಕು. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಯೋಚನೆ ಮಾಡಿ, ತನ್ನ ಉತ್ತರ ಹೇಳುತ್ತಿದ್ದಳು. ಅದಾದ ಮೇಲೆಯೇ ರಾಜನ ಉತ್ತರ ಓದಬೇಕು. ಎರಡೂ ಒಂದೇ ಆದರೆ ಏನೂ ಅನ್ನುತ್ತಿರಲಿಲ್ಲ, ಸುಮ್ನೆ ಇನ್ನೊಂದು ರೊಟ್ಟಿಗೆ ಹಿಟ್ಟು ಹಿಡಿಯುತ್ತಿದ್ದಳು. ಬೇರೆಯಾದರೆ ಮಾತ್ರ ‘ಬಡವರ ಮನಿ ಕಷ್ಟ ರಾಜನಿಗೇನು ಗೊತ್ತು’ ಅನ್ನುತ್ತಿದ್ದಳು. ಓದುವುದು ಅಂದರೆ ಪುಸ್ತಕದ ಮಾತು ಒಪ್ಪಿಕೊಳ್ಳುವುದಲ್ಲ, ಅದರ ಎದುರು ಕೂತು ಮಾತಾಡುವುದು ಎಂದು ಅಕ್ಷರ ಬಾರದ ಅವ್ವನಿಂದ ಕಲಿತೆ.

ನಮ್ಮ ಶಾಲೆಯಲ್ಲೂ ಪುಸ್ತಕಗಳಿದ್ದವು. ಹೆಡ್ ಮೇಷ್ಟ್ರ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರು. ಅದಕ್ಕೆ ಹಿತ್ತಾಳೆ ಬೀಗ. ಹಾಜರಿ ಪುಸ್ತಕ ತರಲು ಹೋದಾಗಲೆಲ್ಲ ಗಾಜಿನಾಚೆಯಿಂದ ಹೆಸರು ಓದಿಕೊಳ್ಳುತ್ತಿದ್ದೆ. ನಾಲ್ಕು ವರ್ಷದಲ್ಲಿ ಮೇಲಿನ ಎರಡು ಸಾಲಿನ ಹೆಸರುಗಳು ಮಗ್ಗಿಯ ಹಾಗೆ ಬಾಯಿಗೆ ಬಂದಿದ್ದವು. ಕೆಳಗಿನ ಸಾಲು ಕಾಣುತ್ತಿರಲಿಲ್ಲ. ಆಯುಧಪೂಜೆಯ ದಿನ ಬೀರು ಒರೆಸಿ, ಬೀಗಕ್ಕೆ ಕುಂಕುಮ ಹಚ್ಚುತ್ತಿದ್ದರು. ಬೀಗ ತೆಗೆದದ್ದನ್ನು ನಾನು ನೋಡಲಿಲ್ಲ. ಆ ಮೇಷ್ಟ್ರು ಕೆಟ್ಟವರಲ್ಲ. ನನ್ನ ಫೀಸನ್ನು ಎರಡು ಸಲ ತಮ್ಮ ಕೈಯಿಂದಲೇ ಕಟ್ಟಿದವರು. ಮತ್ತೆ ಯಾಕೆ ಬೀಗ ತೆಗೆಯಲಿಲ್ಲ ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ, ನಾನೇ ಮೇಜಿನ ಆಚೆ ಬದಿಯಲ್ಲಿ ಕೂತಾಗ.

ಹೈಸ್ಕೂಲಿಗೆ ಬಂದ ಮೇಲೆ ಸಾರ್ವಜನಿಕ ಗ್ರಂಥಾಲಯದ ಸದಸ್ಯಳಾದೆ. ಅಪ್ಪನ ಪಾಳಿಯಲ್ಲಿದ್ದ ಹಿರಿಯರೊಬ್ಬರು ಜಾಮೀನು ಹಾಕಿದರು. ತ.ರಾ. ಸುಬ್ಬರಾಯರ ದುರ್ಗದ ಕಾದಂಬರಿಗಳು ಸಿಕ್ಕಿದ್ದು ಅಲ್ಲಿಯೇ. ನಮ್ಮವರೇ ಅಲ್ವಾ ತರಾಸು, ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ಕಡೆಯ ತಳುಕಿನದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದರ ಹಿಂದೆ ಒಂದು ಓದಬೇಕಾದ ಮೂರು ಪುಸ್ತಕಗಳು. ನನಗೆ ಮೊದಲು ಸಿಕ್ಕಿದ್ದು ನಡುವಿನದು. ಮೊದಲನೆಯದು ಯಾರೋ ಒಯ್ದಿದ್ದರು, ತಿಂಗಳುಗಟ್ಟಲೆ ವಾಪಸ್ ಬರಲಿಲ್ಲ. ‘ಅದು ಹೋದಂಗೇ ಬಿಡಮ್ಮ’ ಎಂದರು ಅಲ್ಲಿನವರು. ಎಂಟು ತಿಂಗಳ ಮೇಲೆ ಬಂತು. ಬೆನ್ನು ಕಿತ್ತುಹೋಗಿ ಗೋಂದು ಹಾಕಿದ್ದರು. ಅಂಚಿನಲ್ಲಿ ಎಣ್ಣೆ ಬೆರಳಿನ ಗುರುತು. ಒಳಗೆ ಒಂದು ಮನೆಯ ದಿನಸಿ ಚೀಟಿ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಬೇರೆ ಬೇರೆ ಕೈಬರಹದಲ್ಲಿ ‘ಓದಿದೆ’, ‘ಓದಿದೆ’, ‘ನಾನೂ ಓದಿದೆ’ ಎಂದಿತ್ತು. ಎಂಟು ತಿಂಗಳು ಆ ಪುಸ್ತಕ ಕಳೆದಿರಲಿಲ್ಲ. ಯಾರದೋ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿತ್ತು.

ಇನ್ನೊಂದು ಪುಸ್ತಕದ ಮಾತು ಹೇಳಲೇಬೇಕು. ತ್ರಿವೇಣಿಯವರ ‘ಶರಪಂಜರ’. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಯಾಗಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೇ ನಂಬದ ಕತೆ ಅದು. ಅದನ್ನು ಅವ್ವನಿಗೆ ಒಂಬತ್ತು ಸಂಜೆ ಓದಿ ಹೇಳಿದೆ. ನಮ್ಮ ಓಣಿಯಲ್ಲೂ ಅಂಥ ಒಬ್ಬ ಹೆಣ್ಣುಮಗಳಿದ್ದಳು. ಬಾಣಂತನದಲ್ಲಿ ತಲೆ ಕೆಟ್ಟಿತೆಂದು ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದರು. ವಾಸಿಯಾಗಿ ಬಂದು ಎರಡು ವರ್ಷವಾಗಿದ್ದರೂ ಯಾರೂ ಅವಳ ಕೈಗೆ ಮಗು ಕೊಡುತ್ತಿರಲಿಲ್ಲ. ನಲ್ಲಿ ಹತ್ತಿರ ಅವಳು ಬಂದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅವ್ವನೂ ನಿಲ್ಲಿಸುತ್ತಿದ್ದಳು. ಪುಸ್ತಕ ಮುಗಿದ ರಾತ್ರಿ ಅವ್ವ ಏನೂ ಹೇಳಲಿಲ್ಲ. ಮರುದಿನ ಜೋಳ ಹಸನು ಮಾಡುವ ಹೊತ್ತಿಗೆ ಅವಳ ಮನೆ ಬಾಗಿಲಿಗೆ ಹೋಗಿ ‘ಬಾರವ್ವ, ಒಬ್ಬಳಿಗೇ ಆಗವಲ್ದು’ ಎಂದು ಕರೆದಳು. ಅವಳು ಬಂದಳು. ಒಂದು ಮೊರ ಅವ್ವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನನ್ನ ಪುಟ್ಟ ತಂಗಿಯನ್ನು ಅವ್ವ ಅವಳ ತೊಡೆಯ ಮೇಲೆ ಕೂರಿಸಿ ಒಳಗೆ ನೀರು ತರಲು ಹೋದಳು. ತ್ರಿವೇಣಿಯವರು 1963ರಲ್ಲೇ, ಮೂವತ್ತೈದೂ ತುಂಬದೆ ತೀರಿಕೊಂಡರು. ಅವರು ಬರೆದ ಒಂದು ಪುಸ್ತಕ ಇಷ್ಟು ವರ್ಷದ ಮೇಲೆ ದಾವಣಗೆರೆಯ ಒಂದು ಓಣಿಯಲ್ಲಿ ಹೀಗೆ ಕೆಲಸಕ್ಕೆ ಬಂತು. ಓದುವುದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನನಗೆ ಆ ಎರಡು ಮೊರ ನೆನಪಾಗುತ್ತವೆ.

ಕೆಲಸ ಸಿಕ್ಕಿದ್ದು 1985ರಲ್ಲಿ, ಚಿತ್ರದುರ್ಗದಲ್ಲಿ. ಆಗಿನ್ನೂ ದಾವಣಗೆರೆ ಬೇರೆ ಜಿಲ್ಲೆಯಾಗಿರಲಿಲ್ಲ. ತರಾಸು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ 1985ರಲ್ಲೇ. ಆ ದಪ್ಪ ಪುಸ್ತಕವನ್ನು ನಾನು ಭಾನುವಾರಕ್ಕೊಂದಿಷ್ಟು ಎಂದು ಕೋಟೆಯ ಮೇಲೆ ಓದಿದೆ. ಬುತ್ತಿ ಕಟ್ಟಿಕೊಂಡು ಜೊತೆ ಕೆಲಸದ ಇಬ್ಬರು ಗೆಳತಿಯರೊಂದಿಗೆ ಬೆಳಿಗ್ಗೆಯೇ ಹತ್ತುತ್ತಿದ್ದೆ. ಅವರು ಏಕನಾಥೇಶ್ವರಿ ಗುಡಿಗೆ ಹೋಗಿ ಬರುವಷ್ಟರಲ್ಲಿ ನಾನು ಬಂಡೆಯ ನೆರಳಿನಲ್ಲಿ ಕೂತು ಓದುತ್ತಿದ್ದೆ. 1779ರಲ್ಲಿ ಹೈದರಾಲಿಗೆ ದುರ್ಗ ಬಿತ್ತು ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೊನೆಯ ಭಾಗಕ್ಕೆ ಬಂದಾಗ ನಾನು ಮೂರು ಭಾನುವಾರ ಪುಸ್ತಕ ತೆರೆಯಲಿಲ್ಲ. ಓದದಿದ್ದರೆ ಕೋಟೆ ಇನ್ನೂ ಬಿದ್ದಿಲ್ಲ ಅನ್ನಿಸುತ್ತಿತ್ತು. ಕೂತ ಬಂಡೆಯ ಬಿಸಿ ಕಾಲಿಗೆ ತಾಕುತ್ತಿರುವಾಗ ಅದೇ ಬಂಡೆಯ ಕತೆ ಓದುವ ಸುಖ ನನಗೆ ಬೇರೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಕರ್ವಾಲೋ, ಮೂಕಜ್ಜಿ, ಮದುಮಗಳು, ಎಲ್ಲ ಆ ವರ್ಷಗಳಲ್ಲೇ ನನ್ನ ಕೈಗೆ ಬಂದವು. ಎಲ್ಲವನ್ನೂ ಹೇಳುತ್ತಾ ಹೋದರೆ ನಿಮ್ಮ ಪುಟ ಸಾಲದು. ಚಳ್ಳಕೆರೆ ಕಡೆ ತಪಾಸಣೆಗೆ ಹೋದಾಗೆಲ್ಲ ಕೈಚೀಲದಲ್ಲಿ ಇರುತ್ತಿದ್ದದ್ದು ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’. ಮುಕುಂದೂರು ಸ್ವಾಮಿಗಳ ಮಾತುಗಳ ಪುಸ್ತಕ. ನಮ್ಮ ಅವ್ವ, ನಮ್ಮ ಮಂಡಕ್ಕಿ ತಾತ ಆಡುತ್ತಿದ್ದಂಥ ಮಾತಿನಲ್ಲೇ ಅಷ್ಟು ದೊಡ್ಡ ವಿಷಯ ಹೇಳಬಹುದು ಎಂದು ಮೊದಲ ಸಲ ಅಚ್ಚಿನಲ್ಲಿ ಕಂಡಾಗ ಬಸ್ಸಿನಲ್ಲೇ ಕಣ್ಣು ತುಂಬಿತು. ಈಗಲೂ ವರ್ಷಕ್ಕೊಮ್ಮೆ ಓದುತ್ತೇನೆ.

ಇನ್ನು ಹೇಳಬೇಕಾದ ಮಾತಿಗೆ ಬರುತ್ತೇನೆ.

1994ರಲ್ಲಿ ಒಂದು ಹಳ್ಳಿಯ ಹೈಸ್ಕೂಲಿಗೆ ಲೆಕ್ಕ ನೋಡಲು ಹೋಗಿದ್ದೆ. ಪುಸ್ತಕದ ಜವಾಬ್ದಾರಿ ಕನ್ನಡ ಮೇಷ್ಟ್ರದು. ಸ್ಟಾಕ್ ರಿಜಿಸ್ಟರ್ ಇಟ್ಟುಕೊಂಡು ಬೀರು ಎಣಿಸಿದರೆ 11 ಪುಸ್ತಕ ಕಡಿಮೆ. ‘ಕಳೆದಿಲ್ಲ ಮೇಡಂ, ಮಕ್ಕಳ ಮನೆಯಲ್ಲಿದಾವೆ. ಕೆಲವರು ಊರು ಬಿಟ್ಟು ಹೋಗಿದಾರೆ’ ಎಂದರು. ಯಾರಿಗೆ ಯಾವ ಪುಸ್ತಕ ಕೊಟ್ಟರು ಎಂದು ಬರೆದಿಡುವ ಅವರ ಇಶ್ಯೂ ರಿಜಿಸ್ಟರ್ ನೂರು ಪುಟದ್ದು. ಮೊದಲ ಪುಟದಿಂದ ಕೊನೆಯ ಪುಟದ ತನಕ ತುಂಬಿತ್ತು. ಹುಡುಗರ ಸಹಿ, ಹುಡುಗಿಯರ ಸಹಿ, ಒಂದೆರಡು ಕಡೆ ಹೆಬ್ಬೆಟ್ಟು. ಮನೆಯ ದೊಡ್ಡವರಿಗೂ ಕೊಡುತ್ತಿದ್ದರು ಅಂತ ಕಾಣುತ್ತದೆ. ಆ ಹೆಬ್ಬೆಟ್ಟು ನೋಡಿದಾಗಲಾದರೂ ನನಗೆ ಅವ್ವ ನೆನಪಾಗಬೇಕಿತ್ತು. ಆಗಲಿಲ್ಲ. ನಾನು 11 ಪುಸ್ತಕಕ್ಕೆ 212 ರೂಪಾಯಿ ವಸೂಲಿ ಎಂದು ಬರೆದೆ. ಮೊತ್ತ ದೊಡ್ಡದಲ್ಲ. ಆದರೆ ವಸೂಲಿ ಅನ್ನುವ ಪದ ನೌಕರನ ಹೆಸರಿನ ಮುಂದೆ ಬಿದ್ದರೆ ಅದು ಎಷ್ಟು ಸುಡುತ್ತದೆ ಎಂದು ನೌಕರಿ ಮಾಡಿದವರಿಗೆಲ್ಲ ಗೊತ್ತು. ಅವರು ಎದುರು ಮಾತಾಡದೆ ಕಟ್ಟಿದರು.

ಎರಡು ವರ್ಷ ಬಿಟ್ಟು ಅದೇ ಶಾಲೆಗೆ ಮತ್ತೆ ಹೋದೆ. ಪುಸ್ತಕ ಎಣಿಸಿದರೆ ಒಂದೂ ಕಡಿಮೆಯಿಲ್ಲ. ಲೆಕ್ಕ ತಾಳೆಯಾಗಿತ್ತು. ಹೊಸ ಇಶ್ಯೂ ರಿಜಿಸ್ಟರ್ ತೆರೆದೆ. ಖಾಲಿ. ಎರಡು ವರ್ಷದಲ್ಲಿ ಒಂದು ಸಾಲೂ ಇಲ್ಲ. ಬೀರುವಿಗೆ ಹೊಸ ಬೀಗ ಇತ್ತು. ‘ಲೆಕ್ಕ ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನಮ್ಮ ಶಾಲೆಯ ಹಿತ್ತಾಳೆ ಬೀಗ ನೆನಪಾಯಿತು. ನಮ್ಮ ಹೆಡ್ ಮೇಷ್ಟ್ರು ಯಾಕೆ ಅದನ್ನು ತೆಗೆಯಲಿಲ್ಲ ಎಂದು ಆಗ ತಿಳಿಯಿತು. ನನ್ನಂಥವರು ಯಾರೋ ಅವರಲ್ಲಿಗೂ ಬಂದು ಹೋಗಿರಬೇಕು.

ನಿವೃತ್ತಿಗೆ ಎರಡು ಮೂರು ವರ್ಷ ಇದ್ದಾಗ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ಓದುತ್ತಿದ್ದೆ. ಅದರ 215ನೇ ನಿಯಮ ಗ್ರಂಥಾಲಯದ ಪುಸ್ತಕಗಳದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ ಎಂದು ಅಲ್ಲಿದೆ. ಮೋಸ ಅಥವಾ ಬೇಜವಾಬ್ದಾರಿಯಿಂದ ಕಳೆದಿರಬಾರದು, ಅಷ್ಟೆ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯದು ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ನಿಯಮದ ಚೆಂದ ನೋಡಿ. ರಿಯಾಯಿತಿ ಕೊಡುವಾಗ ಬೀರುವಿನಲ್ಲಿ ಎಷ್ಟು ಪುಸ್ತಕವಿದೆ ಎಂದು ಅದು ಕೇಳುವುದಿಲ್ಲ. ಎಷ್ಟು ಸಲ ಕೊಟ್ಟಿದ್ದೀರಿ ಎಂದು ಕೇಳುತ್ತದೆ. ಜಾಸ್ತಿ ಕೊಟ್ಟವರಿಗೆ ಜಾಸ್ತಿ ರಿಯಾಯಿತಿ. ಬೀಗ ಹಾಕಿಟ್ಟವರಿಗೆ ಒಂದು ಪುಸ್ತಕದ ರಿಯಾಯಿತಿಯೂ ಇಲ್ಲ. ಆ ಸಂಜೆ ಕೂತು ಲೆಕ್ಕ ಹಾಕಿದೆ. ಆ ಕನ್ನಡ ಮೇಷ್ಟ್ರ ರಿಜಿಸ್ಟರ್ ನೂರು ಪುಟ, ಪುಟಕ್ಕೆ 25 ಸಾಲು, ಅಂದರೆ 2,500 ಸಲ ಕೊಟ್ಟಿದ್ದಾರೆ. 12 ಪುಸ್ತಕ ಕಳೆಯಬಹುದಿತ್ತು. ಮೇಷ್ಟ್ರ ಹತ್ತಿರ ಕಳೆದದ್ದು 11.

ಅದು ಕೇಂದ್ರ ಸರ್ಕಾರದ ಕಚೇರಿಗಳ ನಿಯಮ, ನಮ್ಮ ಹಳ್ಳಿಯ ಶಾಲೆಗೆ ನೇರವಾಗಿ ಹೊಂದುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅದರ ಹಿಂದಿನ ನ್ಯಾಯ ಎಲ್ಲರಿಗೂ ಒಂದೇ ಅಲ್ವಾ? ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಐದು ಸೂತ್ರ ಬರೆದರು. ಅದರಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ನಾವು ಮನೆ ಕಂದಾಯ ಕಟ್ಟಿದಾಗಲೆಲ್ಲ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿಸಿ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ. ಆ ದುಡ್ಡು ಕೊಡುವುದು ಪುಸ್ತಕ ಓಡಾಡಲಿ ಎಂದು.

ಈಗಿನ ಮಾತು. ಜಗಳೂರು ತಾಲ್ಲೂಕಿನಲ್ಲಿ ನನ್ನ ತಂಗಿಯ ಊರು. ಅಲ್ಲಿಯ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. 2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಮರುವರ್ಷ ‘ಓದುವ ಬೆಳಕು’ ಎಂದು ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ. ತಂಗಿಯ ಊರಿನ ಗ್ರಂಥಾಲಯ ನೋಡಿಕೊಳ್ಳುವ ಹುಡುಗ ಬಹಳ ಆಸಕ್ತಿಯವನು. ಗೋಡೆಗೆ ಬಣ್ಣ ಹಚ್ಚಿಸಿದ್ದಾನೆ, ಜಮಖಾನೆ ಹಾಸಿದ್ದಾನೆ. ಮಕ್ಕಳು ಹೊಟ್ಟೆ ಮೇಲೆ ಮಲಗಿ ಓದುತ್ತಿದ್ದವು. ಈ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಅನ್ನುವವರು ಒಂದು ಸಲ ಅಲ್ಲಿಗೆ ಬಂದು ನೋಡಬೇಕು. ಆದರೆ ಸಂಜೆ ಬಾಗಿಲು ಹಾಕುವಾಗ ಒಂದು ಮಗುವಿನ ಕೈಯಲ್ಲೂ ಪುಸ್ತಕವಿಲ್ಲ. ಅರ್ಧ ಓದಿದ್ದನ್ನು ಅಲ್ಲೇ ಇಟ್ಟು ಹೊರಟವು. ಮನೆಗೆ ಯಾಕಪ್ಪ ಕೊಡುವುದಿಲ್ಲ ಎಂದು ಕೇಳಿದೆ. ‘ಕಳೆದ್ರೆ ನಾನೇ ಕಟ್ಟಬೇಕಾಗುತ್ತೆ ಅಂತ ಹೇಳ್ತಾರೆ ಮೇಡಂ’ ಎಂದ. ಯಾರು ಹೇಳಿದರು ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಭಯ ಮಾತ್ರ ಗಟ್ಟಿಯಾಗಿತ್ತು. 1994ರ ಆ ಮೇಷ್ಟ್ರ ಮುಖವೇ ಕಂಡ ಹಾಗಾಯಿತು.

ಹಾಗಾಗಿ ಅಧಿಕಾರದಲ್ಲಿರುವವರಿಗೆ ನನ್ನ ಬೇಡಿಕೆ ಇಷ್ಟೇ. ಒಂದು ಪುಟದ ಸುತ್ತೋಲೆ ಬರೆಯಿರಿ. ಕನ್ನಡದಲ್ಲಿ, ಮೇಷ್ಟ್ರಿಗೂ ಗ್ರಂಥಾಲಯದ ಹುಡುಗನಿಗೂ ಒಂದೇ ಸಲ ಓದಿದರೆ ತಿಳಿಯುವ ಹಾಗೆ. ಮಕ್ಕಳಿಗೆ ಮನೆಗೆ ಪುಸ್ತಕ ಕೊಡಿ, ಸಾವಿರ ಸಲ ಕೊಟ್ಟಾಗ ಐದು ಬಾರದಿದ್ದರೆ ನಿಮ್ಮಿಂದ ವಸೂಲಿ ಮಾಡುವುದಿಲ್ಲ ಎಂದು ಅದರಲ್ಲಿ ಇರಲಿ. ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಲಿ. ಲೆಕ್ಕ ನೋಡಲು ಹೋಗುವ ನನ್ನ ಕಿರಿಯ ಸಹೋದ್ಯೋಗಿಗಳಿಗೂ ಒಂದು ಮಾತು. ಸ್ಟಾಕ್ ರಿಜಿಸ್ಟರ್‌ಗಿಂತ ಮೊದಲು ಇಶ್ಯೂ ರಿಜಿಸ್ಟರ್ ತೆರೆಯಿರಿ. ಅದು ಖಾಲಿ ಇದ್ದರೆ ಅದನ್ನೇ ಆಕ್ಷೇಪಣೆಯಾಗಿ ಬರೆಯಿರಿ.

ಆ ಕನ್ನಡ ಮೇಷ್ಟ್ರು ಎಲ್ಲಿದ್ದಾರೋ ನನಗೆ ತಿಳಿಯದು. ಎಲ್ಲಿದ್ದರೂ ಬೆಳಿಗ್ಗೆ ಪತ್ರಿಕೆ ಓದುವವರೇ ಆಗಿರುತ್ತಾರೆ. ಮೇಷ್ಟ್ರೇ, ನಾನು ಅವತ್ತು ತಪ್ಪು ಬರೆದೆ. ದಯವಿಟ್ಟು ಕ್ಷಮಿಸಿ.

ಹೋದ ತಿಂಗಳು ತಂಗಿಯ ಊರಿಗೆ 11 ಪುಸ್ತಕ ಕೊಂಡು ಒಯ್ದೆ. ಇವು ನನ್ನವು, ಯಾವ ಸ್ಟಾಕಿಗೂ ಸೇರಿಸಬೇಡ, ಮನೆಗೇ ಕೊಡು, ಕಳೆದರೆ ಇನ್ನೊಂದು ತಂದಿಡುತ್ತೇನೆ ಎಂದು ಆ ಹುಡುಗನಿಗೆ ಹೇಳಿದೆ. ಮೊನ್ನೆ ಹೋದಾಗ ಒಂಬತ್ತು ಇದ್ದವು. ಒಂದು ಎಲ್ಲಿದೆಯೋ ಇನ್ನೂ ತಿಳಿದಿಲ್ಲ. ಇನ್ನೊಂದು ಆರನೇ ಕ್ಲಾಸಿನ ಒಬ್ಬ ಹುಡುಗಿಯ ಮನೆಯಲ್ಲಿದೆ. ಅವಳ ಅಜ್ಜಿಗೆ ಓದಲು ಬರುವುದಿಲ್ಲವಂತೆ. ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಓದಿಸಿಕೊಂಡು ಕೇಳುತ್ತಿದ್ದಾಳಂತೆ. ಮುಗಿಯುವ ತನಕ ಅಲ್ಲೇ ಇರಲಿ ಎಂದು ಹೇಳಿ ಬಂದಿದ್ದೇನೆ.

ಇಂತಿ,
ಒಬ್ಬ ನಿವೃತ್ತ ನೌಕರೆ
ನಿಟ್ಟುವಳ್ಳಿ, ದಾವಣಗೆರೆ